ಆರು ಬಾಯಿಯ ಹಗೇವು

"ಸರ್, ನಾ ಎಂಟು ಖಾಲಿ ಪಟ್ಟಿ ಮಾಡಿದ್ದೆ. ಒಂದರಾಗ ಹೆಸರು ಹಾಕಿದೆ. ಎಂಟರಾಗೂ ಬಂತು. ತಪ್ಪು ಯಾರದ್ರಿ?"

ಕೇಳಿದವಳು ದಾಕ್ಷಾಯಿಣಿ. ತಾಲೂಕು ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ಮಾಡುವುದು ಅವಳ ಕೆಲಸ. ಕೇಳಿಸಿಕೊಂಡವರು ಅಡಿವೆಪ್ಪ ಮಾಸ್ತರರು. ಮೂವತ್ತೆರಡು ವರ್ಷ ಗಣಿತ ಕಲಿಸಿ, ನಿವೃತ್ತರಾದ ಮೇಲೆ ತಾವೇ ಪೈಥಾನ್ ಎಂಬ ಕಂಪ್ಯೂಟರ್ ಭಾಷೆ ಕಲಿತು, ಈಗ ಊರ ಗ್ರಂಥಾಲಯದ ಹಿಂದಿನ ಕೋಣೆಯಲ್ಲಿ ಬಂದವರಿಗೆಲ್ಲ ಅದನ್ನು ಕಲಿಸುತ್ತಿದ್ದರು. ಕೇಳಿದ್ದಕ್ಕೆ ನೇರವಾಗಿ ಉತ್ತರ ಕೊಡುವುದು ಅವರ ಜಾಯಮಾನದಲ್ಲೇ ಇರಲಿಲ್ಲ.

"ಮೊದಲ ಏನಾತು ಅದನ್ನ ಹೇಳು. ತಪ್ಪು ಎಲ್ಲಿಗೂ ಓಡಿ ಹೋಗೂದಿಲ್ಲ," ಎಂದರು.

ದಾಕ್ಷಾಯಿಣಿ ಹೇಳಿದಳು. ರಕ್ತ ಕೊಡುವವರ ಹೆಸರುಗಳನ್ನು ಗುಂಪಿನ ಪ್ರಕಾರ ಬರೆದಿಡಬೇಕೆಂದು ಆಸ್ಪತ್ರೆಯ ಡಾಕ್ಟರು ಹೇಳಿದ್ದರು. ರಕ್ತದ ಗುಂಪುಗಳು ಎಂಟು. ಅವಳು ಪೈಥಾನಿನಲ್ಲಿ ಎಂಟು ಖಾಲಿ ಪಟ್ಟಿ ಮಾಡಿ, ಒಬ್ಬೊಬ್ಬರನ್ನೂ ಅವರವರ ಗುಂಪಿನ ಪಟ್ಟಿಗೆ ಸೇರಿಸುತ್ತಾ ಒಂದೇ ದಿನದಲ್ಲಿ ನೂರಾ ಹನ್ನೆರಡು ಹೆಸರು ಹಾಕಿದಳು. ನಿನ್ನೆ ಹೆರಿಗೆಗೆ ಬಂದ ಒಬ್ಬಾಕೆಗೆ ರಕ್ತ ಬೇಕಾಯಿತು. ಸುಲಭವಾಗಿ ಸಿಗದ ಗುಂಪು. ಆ ಪಟ್ಟಿ ತೆರೆದು, ಮೊದಲು ಇದ್ದ ಹೆಸರಿಗೆ ಫೋನ್ ಮಾಡಿದರು. ಆ ಮನುಷ್ಯ ಹೊಲದಲ್ಲಿ ಮಾಡುತ್ತಿದ್ದ ಕೆಲಸ ಬಿಟ್ಟು ಮೂವತ್ತು ಕಿಲೋಮೀಟರ್ ಬೈಕ್ ಓಡಿಸಿಕೊಂಡು ಬಂದ. ರಕ್ತ ತೆಗೆಯುವ ಮೊದಲು ಮತ್ತೊಮ್ಮೆ ಪರೀಕ್ಷೆ ಮಾಡುವುದು ಪದ್ಧತಿ. ಮಾಡಿದರೆ, ಅವನ ಗುಂಪೇ ಬೇರೆ. ಎರಡನೆಯ ಹೆಸರಿನವನೂ ಬಂದ. ಅವನದೂ ಬೇರೆ. ಕೊನೆಗೆ ಆಸ್ಪತ್ರೆಯ ಜವಾನನ ಭಾವಮೈದುನನ ರಕ್ತ ಹೊಂದಿತು. ತಾಯಿ ಉಳಿದಳು, ಕೂಸೂ ಉಳಿಯಿತು. ಆದರೆ ಒಂದೂವರೆ ಗಂಟೆ ಹೋಗಿತ್ತು.

"ಆಮ್ಯಾಲೆ ನೋಡಿದ್ರ ಎಂಟೂ ಪಟ್ಟಿಯೊಳಗ ನೂರಾ ಹನ್ನೆರಡು ನೂರಾ ಹನ್ನೆರಡು ಹೆಸರು ಸರ್. ಎಲ್ಲಾರೂ ಎಲ್ಲಾ ಗುಂಪಿನ್ಯಾಗ. ಡಾಕ್ಟರ್ ಇವತ್ತ ಐದಕ್ಕ ಫೋನ್ ಮಾಡ್ತಾರ. ಪಟ್ಟಿ ನಂಬಬೇಕೋ ಹರಿದು ಒಗೀಬೇಕೋ ಹೇಳು ಅಂದಾರ. ಆ ಹೆಣ್ಣುಮಗಳ ಮಾರಿ ನಾ ನೋಡೇನ್ರಿ. ನಿನ್ನೆ ರಾತ್ರಿ ಊಟ ಸೇರಲಿಲ್ಲ."

ಅವಳ ಕಣ್ಣು ತುಂಬಿತ್ತು. ಮಾಸ್ತರರು ಅದನ್ನು ಕಾಣದವರಂತೆ ಅವಳ ಕಂಪ್ಯೂಟರಿನ ಕಡೆ ಬಾಗಿದರು. ಒಂದು ಖಾಲಿ ಪಟ್ಟಿಯನ್ನು ಎಂಟರಿಂದ ಗುಣಿಸಿದ್ದಳು. ಪಟ್ಟಿ ಹುಟ್ಟಿದ ಸಾಲು ಹೀಗಿತ್ತು:

[[]] * 8

"ಇದನ್ನ ಬರದ ಮ್ಯಾಲೆ ಒಮ್ಮೆ ನೋಡಿದ್ದೇನು?" ಎಂದು ಕೇಳಿದರು.

"ನೋಡಿದ್ದೆನ್ರಿ. ಎಂಟೂ ಇದ್ದೂ. ಎಂಟೂ ಖಾಲಿ ಇದ್ದೂ."

ಮಾಸ್ತರರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಉಳಿದ ವಿದ್ಯಾರ್ಥಿಗಳು ತಮ್ಮ ಕೆಲಸ ಬಿಟ್ಟು ಈ ಕಡೆ ತಿರುಗಿದರು. ಕತೆ ಹೇಳುವಾಗ ಮಾಸ್ತರರು ಮನೆಮಾತು ಬಿಟ್ಟು ಪುಸ್ತಕದ ಮಾತಿಗೆ ಬರುತ್ತಿದ್ದರು. 'ಸರ್ ಕೋಟು ತೊಟ್ಟರು' ಎಂದು ವಿದ್ಯಾರ್ಥಿಗಳು ತಮ್ಮತಮ್ಮಲ್ಲಿ ನಗುತ್ತಿದ್ದರು. ಈಗಲೂ ಅವರು ಕೋಟು ತೊಟ್ಟರು.

*

ಒಬ್ಬ ಗೌಡನಿದ್ದ. ಅವನ ಮಾತು ಆರು ಹಳ್ಳಿಗಳಲ್ಲಿ ನಡೆಯುತ್ತಿತ್ತು. ಆರು ಹಳ್ಳಿಯವರೂ ಜೋಳ ಬೆಳೆಯುವವರು. ಆದರೆ ಆರು ಹಳ್ಳಿಯ ನೆಲ ಒಂದೇ ಅಲ್ಲ. ಒಂದು ಕಡೆ ಕಪ್ಪು ಎರೆ, ಒಂದು ಕಡೆ ಕೆಂಪು ಮಸಾರಿ, ಒಂದು ಕಡೆ ಹಳ್ಳದ ದಂಡೆ, ಒಂದು ಕಡೆ ಬರೀ ಕಲ್ಲಿನ ಮಡ್ಡಿ. ಒಂದೊಂದು ನೆಲಕ್ಕೆ ಒಂದೊಂದು ತಳಿಯ ಬೀಜ. ಎರೆಯ ಬೀಜವನ್ನು ಮಡ್ಡಿಯಲ್ಲಿ ಬಿತ್ತಿದರೆ ದಂಟು ಬರುತ್ತದೆ, ತೆನೆ ಬರುವುದಿಲ್ಲ. ಮಡ್ಡಿಯ ಬೀಜವನ್ನು ಎರೆಯಲ್ಲಿ ಬಿತ್ತಿದರೆ ಹೊತ್ತಿಗೆ ಮುಂಚೆ ತೆನೆ ಕಟ್ಟಿ ಹಕ್ಕಿಯ ಪಾಲಾಗುತ್ತದೆ. ಕೈಯಲ್ಲಿ ಹಿಡಿದು ನೋಡಿದರೆ ಮಾತ್ರ ಎಲ್ಲ ಕಾಳೂ ಬಿಳಿ, ಎಲ್ಲ ಕಾಳೂ ದುಂಡು. ಯಾವುದು ಯಾರದೆಂದು ಬ್ರಹ್ಮನೂ ಹೇಳಲಾರ.

ಆದ್ದರಿಂದ ಒಂದು ಹಳ್ಳಿಯ ಬೀಜ ಇನ್ನೊಂದು ಹಳ್ಳಿಯ ಬೀಜದೊಡನೆ ಬೆರೆಯಬಾರದು ಎಂಬುದು ಆ ಸೀಮೆಯ ಕಟ್ಟಳೆ. ಗಂಡು ಹೆಣ್ಣು ಕೊಟ್ಟು ತರುತ್ತಿದ್ದರು, ಎತ್ತು ಕೊಟ್ಟು ತರುತ್ತಿದ್ದರು. ಬೀಜ ಮಾತ್ರ ಕೊಡುತ್ತಿರಲಿಲ್ಲ, ತರುತ್ತಿರಲಿಲ್ಲ.

ಒಂದು ವರ್ಷ ಮನೆಮನೆಯಲ್ಲೂ ಇಲಿಗಳ ಕಾಟ ಹೆಚ್ಚಾಯಿತು. ಬೀಜದ ಗಡಿಗೆಗಳು ಬರಿದಾದವು. ಗೌಡ ಯೋಚಿಸಿದ. ಚಾವಡಿಯ ಹತ್ತಿರ ಎತ್ತರದ ಗಟ್ಟಿ ನೆಲವಿದೆ. ಅಲ್ಲಿ ಹಳ್ಳಿಗೊಂದರಂತೆ ಆರು ಹಗೇವು ತೋಡಿಸಿದರೆ ಬೀಜ ಭದ್ರ. ಹಗೇವು ಎಂದರೆ ನೆಲದೊಳಗಿನ ಕಣಜ. ಮೇಲೆ ಒಬ್ಬ ಮನುಷ್ಯ ಇಳಿಯುವಷ್ಟು ಬಾಯಿ, ಕೆಳಗೆ ಕೋಣೆಯಷ್ಟು ಹೊಟ್ಟೆ. ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತಿದರೆ ಇಲಿಯೂ ಇಲ್ಲ, ಹುಳುವೂ ಇಲ್ಲ.

ಹಗೇವು ತೋಡುವವನೊಬ್ಬನನ್ನು ಕರೆಸಿದರು. ಕೆಲಸದಲ್ಲಿ ಜಾಣ, ನಡತೆಯಲ್ಲಿ ಪ್ರಾಮಾಣಿಕ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಅವನು ಮೊದಲು ಆರು ಮುಚ್ಚಳಗಲ್ಲುಗಳನ್ನು ಕಡಿದ. ಒಂದು ಕಲ್ಲಿಗೆ ಅಳತೆ ಹಿಡಿದ, ಅದೇ ಅಳತೆಯನ್ನು ಉಳಿದ ಐದಕ್ಕೂ ಇಟ್ಟ. ಒಂದೇ ಅಳತೆ ಆರು ಕಡೆ ನಡೆಯಿತು. ಯಾರಿಗೂ ಏನೂ ತೊಂದರೆ ಆಗಲಿಲ್ಲ. ಅವನಿಗೆ ಧೈರ್ಯ ಬಂತು.

ಆಮೇಲೆ ನೆಲ ತೋಡಿದ. ಹತ್ತು ದಿನ ತೋಡಿ ಒಂದು ದೊಡ್ಡ ಹೊಟ್ಟೆಯ ಹಗೇವು ಮಾಡಿದ. ಗೋಡೆಗೆ ಮಣ್ಣು ಮೆತ್ತಿ, ಒಳಗೆ ಜೋಳದ ಒಣ ಕಣಿಕೆ ಸುಟ್ಟು ಒಣಗಿಸಿದ. ಮೇಲೆ ಬಂದು ಕುಳಿತು ಬೆವರು ಒರೆಸಿಕೊಂಡ. ಇನ್ನೂ ಐದು ಬಾಕಿ ಇದ್ದವು. ಆಗ ಅವನಿಗೊಂದು ಯೋಚನೆ ಹೊಳೆಯಿತು. ಹಗೇವಿನ ಒಳಗೆ ಏನಿದೆ? ಏನೂ ಇಲ್ಲ. ಎರಡನೆಯ ಹಗೇವಿನ ಒಳಗೆ ಏನಿರಬೇಕು? ಏನೂ ಇರಬಾರದು. ಏನೂ ಇಲ್ಲದ್ದನ್ನು ಒಂದು ಸಲ ಮಾಡಿದ್ದಾಗಿದೆ. ಅದನ್ನೇ ಆರು ಸಲ ಮಾಡುವುದು ಹುಚ್ಚುತನವಲ್ಲವೇ?

ಅವನು ಮತ್ತೆ ಇಳಿದ. ಒಳಗಿನಿಂದಲೇ ಮೇಲಕ್ಕೆ ಇನ್ನೂ ಐದು ಬಾಯಿ ಕೊರೆದ. ಎರಡು ದಿನದ ಕೆಲಸ. ಆರು ಬಾಯಿಗೂ ಕಲ್ಲು ಮುಚ್ಚಿ, ಕಲ್ಲಿನ ಮೇಲೆ ಆರು ಹಳ್ಳಿಯ ಹೆಸರು ಕೆತ್ತಿದ. ತಾನು ಮೋಸ ಮಾಡುತ್ತಿದ್ದೇನೆಂದು ಅವನಿಗೆ ಕನಸಿನಲ್ಲೂ ಅನಿಸಲಿಲ್ಲ. ಎರಡು ತಿಂಗಳ ಕೆಲಸವನ್ನು ಹನ್ನೆರಡು ದಿನದಲ್ಲಿ ಮುಗಿಸಿದೆನೆಂದು ಮೀಸೆ ತಿರುವಿಕೊಂಡ.

ಗೌಡ ನೋಡಲು ಬಂದ. ಹಗೇವು ನೋಡುವುದಕ್ಕೂ ಒಂದು ಕ್ರಮವಿದೆ. ಮೊದಲು ಹಗ್ಗಕ್ಕೆ ದೀಪ ಕಟ್ಟಿ ಇಳಿಸುತ್ತಾರೆ. ದೀಪ ಉರಿದರೆ ಒಳಗಿನ ಗಾಳಿ ಒಳ್ಳೆಯದು, ನಂದಿದರೆ ಕೆಟ್ಟದ್ದು, ಮನುಷ್ಯ ಇಳಿಯುವಂತಿಲ್ಲ. ಇನ್ನೊಂದು ನಿಯಮವೂ ಇದೆ. ಒಂದರ ಬಾಯಿ ತೆರೆದಾಗ ಅಕ್ಕಪಕ್ಕದವು ಮುಚ್ಚಿರಬೇಕು, ಥಂಡಿ ಗಾಳಿ ಸುಮ್ಮನೆ ಎಲ್ಲಕ್ಕೂ ನುಗ್ಗಬಾರದು. ಗೌಡ ನಿಯಮ ಮೀರುವವನಲ್ಲ. ಮೊದಲನೆಯ ಬಾಯಿ ತೆರೆದು ದೀಪ ಇಳಿಸಿದ. ಉರಿಯಿತು. ಬಗ್ಗಿ ನೋಡಿದ, ಖಾಲಿ. ದೀಪ ಎಳೆದುಕೊಂಡು, ಮುಚ್ಚಿ, ಎರಡನೆಯದಕ್ಕೆ ಹೋದ. ಅದೂ ಖಾಲಿ. ಹೀಗೆ ಆರೂ ಆದವು.

"ಆರೂ ಖಾಲಿ ಅದಾವು, ಆರೂ ಒಣಗ್ಯಾವು. ಭೇಷ್," ಎಂದ ಗೌಡ.

"ನಿಮ್ಮ ಆಶೀರ್ವಾದರಿ," ಎಂದ ತೋಡುವವ.

ಪಕ್ಕದಲ್ಲಿ ತೋಡಿ ಹಾಕಿದ ಮಣ್ಣಿನ ಗುಡ್ಡೆಯಿತ್ತು. ಆರು ಹಗೇವಿಗೆ ಆರು ಗುಡ್ಡೆ ಇರಬೇಕಿತ್ತು. ಇದ್ದದ್ದು ಒಂದೇ. ಕಣ್ಣಿದ್ದವರೆಲ್ಲ ಅದನ್ನು ನೋಡಿದರು, ಹತ್ತಿ ಕುಳಿತು ಎಲೆಯಡಿಕೆಯನ್ನೂ ಹಾಕಿಕೊಂಡರು. ಯಾರೂ ಏನೂ ಕೇಳಲಿಲ್ಲ.

ಸುಗ್ಗಿಯಾಯಿತು. ಮೊದಲ ಹಳ್ಳಿಯವರು ಬೀಜದ ಜೋಳ ತಂದು ತಮ್ಮ ಬಾಯಿಗೆ ಸುರಿದು, ಕಲ್ಲು ಮುಚ್ಚಿ, ಮಣ್ಣು ಮೆತ್ತಿ ಹೋದರು. ಎರಡು ದಿನ ಬಿಟ್ಟು ಎರಡನೆಯ ಹಳ್ಳಿಯವರು ಬಂದರು. ತಮ್ಮ ಕಲ್ಲು ಸರಿಸಿ ನೋಡಿದರು. ತಳದಲ್ಲಿ ಆಗಲೇ ಜೋಳವಿತ್ತು! ಹಿರಿಯನೊಬ್ಬ ಕೈ ಮುಗಿದ. ಯಾರಿಗೂ ಹೇಳಬೇಡಿ, ಹೇಳಿದರೆ ಹೋಗುತ್ತದೆ ಎಂದ. ಅವರು ತುಟಿ ಪಿಟಕ್ಕೆನ್ನದೆ ತಮ್ಮ ಜೋಳವನ್ನೂ ಅದರ ಮೇಲೆ ಸುರಿದು ಹೋದರು. ಮೂರನೆಯ ಹಳ್ಳಿಯವರಿಗೆ ಇನ್ನೂ ಹೆಚ್ಚು ಕಂಡಿತು. ಅವರು ಹಗೇವಿನ ಮುಂದೆ ತೆಂಗಿನಕಾಯಿ ಒಡೆದರು. ನಾಲ್ಕನೆಯವರು ಊರಿಗೆಲ್ಲ ಹುಗ್ಗಿ ಮಾಡಿಸಿ ಹಂಚಿದರು. ಯಾಕೆಂದು ಮಾತ್ರ ಹೇಳಲಿಲ್ಲ.

ಹೀಗೆ ನಾಲ್ಕು ಹಳ್ಳಿಯ ಬೀಜ ಒಂದೇ ಹೊಟ್ಟೆ ಸೇರಿತು. ನಾಲ್ಕು ಹಳ್ಳಿಯವರೂ ಸಂತೋಷವಾಗಿದ್ದರು. ನನಗೆ ಈ ಜನದ ಮೇಲೆ ಸಿಟ್ಟು ಬರುತ್ತದೆ. ಅವರ ಜಾಗದಲ್ಲಿ ನಾನಿದ್ದರೂ ಕಾಯಿ ಒಡೆಯುತ್ತಿದ್ದೆ ಎಂಬುದು ನೆನಪಾಗಿ ಸಿಟ್ಟು ಇಳಿಯುತ್ತದೆ.

ಆಮೇಲೆ ಮೊದಲ ಹಳ್ಳಿಯವರು ಬೀಜಕ್ಕೆ ಗಾಳಿ ಆಡಿಸೋಣವೆಂದು ಬಂದು ತೆರೆದರು. ಇಟ್ಟದ್ದರ ನಾಲ್ಕು ಪಾಲು ಇತ್ತು. ತಮ್ಮದೇ ಬಾಯಿ, ಮೇಲೆ ತಮ್ಮದೇ ಹೆಸರು. ಮುಕ್ಕಾಲು ಪಾಲು ತುಂಬಿಕೊಂಡು ಹೋದರು. ಮರುದಿನ ಎರಡನೆಯ ಹಳ್ಳಿಯವರು ತೆರೆದರೆ ಅರ್ಧ ಇಲ್ಲ. ಕೂಗು ಎದ್ದಿತು. ಮೂರನೆಯವರೂ ಓಡಿಬಂದು ನೋಡಿದರು, ನಾಲ್ಕನೆಯವರೂ ನೋಡಿದರು. ಅವರದು ಇನ್ನೂ ಹೆಚ್ಚು ಹೋಗಿತ್ತು. ಹೆಚ್ಚಾದಾಗ ಅದು ದೇವರ ಕೃಪೆಯಾಗಿತ್ತು. ಕಡಿಮೆಯಾದಾಗ ಕಳ್ಳತನವಾಯಿತು.

ಕಳ್ಳ ಯಾರು? ನೆಲದೊಳಗಿನ ದಾರಿ ಬಲ್ಲವನು ಒಬ್ಬನೇ. ತೋಡುವವನನ್ನು ಹಿಡಿದು ತಂದು ಚಾವಡಿಯ ಕಂಬಕ್ಕೆ ಕಟ್ಟಿದರು. ಅವನು ಒಂದು ಕಾಳನ್ನೂ ಮುಟ್ಟಿರಲಿಲ್ಲ. ನಾನು ಕದ್ದಿಲ್ಲ ಎಂದು ಅಳುತ್ತಾ ಹೇಳಿದ. ನಿಜವನ್ನೇ ಹೇಳಿದ. ಆದರೆ ತಾನು ಮಾಡಿದ್ದು ಏನು ಎಂಬುದು ಅವನಿಗೇ ಗೊತ್ತಿರಲಿಲ್ಲ, ಹಾಗಾಗಿ ಅದನ್ನು ಹೇಳಲಾಗಲಿಲ್ಲ.

ಆ ಹೊತ್ತಿಗೆ ಆರನೆಯ ಹಳ್ಳಿಯಿಂದ ಒಬ್ಬ ಮುದುಕಿ ಬಂದಳು. ಮಡ್ಡಿ ನೆಲದ ಹಳ್ಳಿ ಅದು. ಆ ವರ್ಷ ಅವರ ಹಳ್ಳಿಯ ಬೆಳೆಯೆಲ್ಲ ತೆನೆ ಕಪ್ಪಾಗುವ ಕಾಡಿಗೆ ರೋಗಕ್ಕೆ ಹೋಗಿತ್ತು. ಒಂದು ಮೂಲೆಯ ಹೊಲದಲ್ಲಿ ಮಾತ್ರ ಒಳ್ಳೆಯ ತೆನೆ ಉಳಿದಿತ್ತು. ಅವಳು ಒಂದೊಂದೇ ತೆನೆ ಆರಿಸಿ, ಬಡಿದು, ಕೇರಿ, ಒಂದು ಗಂಟು ಮಾಡಿಕೊಂಡಿದ್ದಳು. ಆ ಹಳ್ಳಿಯ ಬೀಜವೆಂದರೆ ಆ ಗಂಟು ಅಷ್ಟೇ. ಅದು ಹೋದರೆ ಆ ನೆಲಕ್ಕೆ ಬಿತ್ತಲು ಇನ್ನೆಲ್ಲೂ ಬೀಜವಿಲ್ಲ.

ಅವಳು ಜಗಳದ ಕಡೆ ತಿರುಗಿಯೂ ನೋಡಲಿಲ್ಲ. ತನ್ನ ಹಳ್ಳಿಯ ಹೆಸರಿದ್ದ ಕಲ್ಲು ಸರಿಸಿದಳು. ಬಗ್ಗಿ ನೋಡಿದಳು. ಗಂಟಿನ ಬಾಯಿ ಬಿಚ್ಚಲು ಹೊರಟ ಕೈ ನಿಂತಿತು.

"ಯಾಕಬೇ ಆಯಿ, ನಿಂತಿ? ಸುರುವಿ ಹೋಗು, ಇಲ್ಲಿ ನಮಗ ನಮ್ಮ ಗೋಳು ಹೆಚ್ಚಾಗೇದ," ಎಂದ ಗೌಡ.

"ಇದರಾಗ ಜೋಳ ಐತಿ ಗೌಡ್ರ. ನಾವು ಇನ್ನಾ ಒಂದು ಕಾಳೂ ಹಾಕಿಲ್ಲ."

"ಬಂದದ್ದು ಬರಲಿ. ಬ್ಯಾಡ ಅನ್ನಾಕ ನಿನಗೇನು ಧಾಡಿ?"

"ನಾ ಹಾಕದ್ದು ನನ್ನದರಾಗ ಬಂದ್ರ, ನಾ ಹಾಕಿದ್ದು ಎಲ್ಲಿ ಹೋಗ್ತೈತ್ರಿ?"

ಮುದುಕಿ ಒಂದು ದೀಪ ಕೇಳಿದಳು. ಹಗ್ಗಕ್ಕೆ ಕಟ್ಟಿ ಆರನೆಯ ಬಾಯಿಗೆ ಇಳಿಬಿಟ್ಟಳು. ಮೇಲೆ ಉಳಿದ ಹಗ್ಗದ ತುದಿಗೆ ಕಲ್ಲು ಹೇರಿದಳು. ಗಂಟನ್ನು ಕಂಕುಳಲ್ಲಿ ಇಟ್ಟುಕೊಂಡೇ ನಡೆದು ಹೋಗಿ ಮೊದಲ ಹಳ್ಳಿಯ ಕಲ್ಲು ಸರಿಸಿದಳು. ಎರಡು ಬಾಯಿ ಒಟ್ಟಿಗೆ ತೆರೆಯಬಾರದು ಎಂದು ಯಾರೋ ಕೂಗಿದರು. ಅವಳಿಗೆ ಕೇಳಿಸಲಿಲ್ಲವೋ, ಕೇಳದಂತೆ ಇದ್ದಳೋ. ಬಗ್ಗಿ ನೋಡಿ, ಗೌಡನನ್ನು ಕೈ ಮಾಡಿ ಕರೆದಳು.

ಗೌಡ ಬಗ್ಗಿದ. ಆರನೆಯ ಬಾಯಿಗೆ ಇಳಿಸಿದ ದೀಪ ಮೊದಲನೆಯ ಬಾಯಿಯ ಕೆಳಗೆ ಉರಿಯುತ್ತಿತ್ತು. ಎರಡನೆಯದನ್ನು ತೆರೆದರು, ಅಲ್ಲೂ ಅದೇ ದೀಪ. ಮೂರನೆಯದರಲ್ಲೂ ಅದೇ. ಆರು ಬಾಯಿಯಲ್ಲಿ ಆರು ಹಳ್ಳಿಯವರು ತಲೆ ತೂರಿಸಿ ನೋಡಿದರು. ಕೆಳಗೆ ನಾಲ್ಕು ಹಳ್ಳಿಯ ಜೋಳ ಒಂದೇ ರಾಶಿಯಾಗಿ ಬಿದ್ದಿತ್ತು, ರಾಶಿಯ ಆಚೆಯಿಂದ ಒಬ್ಬರ ಮುಖ ಒಬ್ಬರಿಗೆ ಕಾಣುತ್ತಿತ್ತು. ಕಾಯಿ ಒಡೆದವರು ಮುಖ ಹಿಂದಕ್ಕೆ ಎಳೆದುಕೊಂಡರು.

ತೋಡುವವನ ಕಟ್ಟು ಬಿಚ್ಚಿದರು. ಅವನೂ ಬಂದು ಬಗ್ಗಿ ನೋಡಿದ. ಆಗ ಅವನಿಗೆ ತಾನು ಮಾಡಿದ್ದು ಏನೆಂದು ತಿಳಿಯಿತು. ಖಾಲಿಯಾಗಿರುವಾಗ ಒಂದು ಹಗೇವಿಗೂ ಆರು ಹಗೇವಿಗೂ ವ್ಯತ್ಯಾಸ ಕಾಣುವುದಿಲ್ಲ. ಒಂದು ಕಾಳು ಬಿದ್ದ ಮೇಲೆ ಕಾಣುತ್ತದೆ. ಕಂಬಕ್ಕೆ ಕಟ್ಟಿದಾಗ ಅತ್ತದ್ದಕ್ಕಿಂತ ಹೆಚ್ಚು ಅಳು ಈಗ ಅವನಿಗೆ ಬಂತು.

ಬೆರೆತ ಕಾಳನ್ನು ಬೇರೆ ಮಾಡಲು ಯಾವ ಜರಡಿಯೂ ಇರಲಿಲ್ಲ. ಆ ವರ್ಷ ನಾಲ್ಕು ಹಳ್ಳಿಯವರು ಬೆರಕೆ ಬೀಜವನ್ನೇ ಬಿತ್ತಿದರು. ಒಂದೇ ಸಾಲಿನಲ್ಲಿ ಒಂದು ದಂಟು ಬೇಗ ತೆನೆ ಕಟ್ಟಿತು, ಪಕ್ಕದ್ದು ತಡವಾಗಿ ಕಟ್ಟಿತು, ಅದರ ಪಕ್ಕದ್ದು ಕಟ್ಟಲೇ ಇಲ್ಲ. ಮತ್ತೆ ತಮ್ಮ ನೆಲದ ತೆನೆಯನ್ನು ಗುರುತು ಹಿಡಿದು, ಆರಿಸಿ, ಬೀಜ ಮಾಡಿಕೊಳ್ಳಲು ಅವರಿಗೆ ಏಳು ವರ್ಷ ಹಿಡಿಯಿತು. ಮಡ್ಡಿಯ ಹಳ್ಳಿಯಲ್ಲಿ ಮಾತ್ರ ಆ ಒಂದು ಗಂಟಿನಿಂದ ಹೊಲವೆಲ್ಲ ಒಂದೇ ಸಮ ತೆನೆ ಬಂತು.

ಹಗೇವು ಏನಾಯಿತು ಎಂದು ಕೇಳುತ್ತೀರಿ. ಮೊದಲು ಒಬ್ಬ ಬುದ್ಧಿವಂತ, ಕಲ್ಲಿನ ಮೇಲಿನ ಹೆಸರು ಸಣ್ಣದಾಯಿತು, ದೊಡ್ಡದಾಗಿ ಕೆತ್ತಿಸೋಣ ಎಂದ. ಎಲ್ಲ ಊರಿನಲ್ಲೂ ಇಂಥವನೊಬ್ಬ ಇರುತ್ತಾನೆ. ದೊಡ್ಡದಾಗಿ ಕೆತ್ತಿಸಿದರು. ಜೋಳಕ್ಕೆ ಓದಲು ಬರುತ್ತಿರಲಿಲ್ಲ. ಐದನೆಯ ಹಳ್ಳಿಯವರು ಇನ್ನೂ ಏನನ್ನೂ ಸುರಿದಿರಲಿಲ್ಲ. ಅವರು ತಮ್ಮ ಕಲ್ಲನ್ನು ಆ ಬಾಯಿಯಿಂದ ಎತ್ತಿ, ದೂರದಲ್ಲಿ ಬೇರೆ ಹಗೇವು ತೋಡಿಸಿ ಅದರ ಮೇಲೆ ಇಟ್ಟರು. ಅವರೊಬ್ಬರು ಬೇರೆಯಾದರು. ಉಳಿದ ಐದು ಬಾಯಿ ಹಳೆಯ ಹೊಟ್ಟೆಯ ಮೇಲೆಯೇ ಉಳಿದವು.

ಕೊನೆಗೆ ತೋಡುವವನೇ ಗೌಡನ ಮುಂದೆ ನಿಂತು, ಉಳಿದ ಐದನ್ನೂ ನಾನೇ ತೋಡುತ್ತೇನೆ ಎಂದ. ಈ ಸಲ ಐದು ಸಲ ಗುದ್ದಲಿ ಎತ್ತಿದ, ಐದು ಸಲ ಇಳಿದ, ಐದು ಸಲ ಹೊಸದಾಗಿ ಹೊಟ್ಟೆ ತೋಡಿದ. ಪಕ್ಕದಲ್ಲಿ ಐದು ಗುಡ್ಡೆ ಮಣ್ಣು ಎದ್ದಿತು. ಒಂದೊಂದು ಮುಗಿದಾಗಲೂ ಮುದುಕಿಯನ್ನು ಕರೆಸಿದರು. ಅವಳು ಒಂದರಲ್ಲಿ ದೀಪ ಇಳಿಸಿ ಉಳಿದವುಗಳಲ್ಲಿ ಬಗ್ಗಿ ನೋಡಿದಳು. ಎಲ್ಲೂ ಬೆಳಕು ಕಾಣದಿದ್ದಾಗ ತನ್ನ ಗಂಟು ಬಿಚ್ಚಿದಳು.

*

ಮಾಸ್ತರರು ಕನ್ನಡಕ ಹಾಕಿಕೊಂಡರು. ದಾಕ್ಷಾಯಿಣಿ ತನ್ನ ಸಾಲನ್ನೇ ನೋಡುತ್ತಿದ್ದಳು. ಎಂಟರ ಹಿಂದಿದ್ದ ನಕ್ಷತ್ರ ಚಿಹ್ನೆಯ ಮೇಲೆ ಬೆರಳಿಟ್ಟಳು.

"ಇದು ಬಾಯಿ ಹೆಚ್ಚು ಮಾಡೇದರಿ. ಹೊಟ್ಟಿ ಒಂದೇ ಅದ."

"ಹೂಂ."

"ಆದ್ರ ಸರ್, ಹೋದ ವಾರ ಇದೇ ನಕ್ಷತ್ರ ಹಚ್ಚಿ ಎಂಟು ಸೊನ್ನಿ ಮಾಡಿದ್ದೆ. ಒಂದನ್ನ ಬದಲಿ ಮಾಡಿದ್ರ ಉಳಿದೇಳು ಹಂಗ ಇದ್ದೂ. ಅವಾಗ ಯಾಕ ತಪ್ಪಾಗಲಿಲ್ಲ?"

"ಮುಚ್ಚಳಗಲ್ಲು ಮರತಿ ನೀ," ಎಂದರು ಮಾಸ್ತರರು. "ಕಲ್ಲಿಗೆ ಹೊಟ್ಟಿ ಇಲ್ಲ. ಸೊನ್ನಿಗೂ ಇಲ್ಲ. ಸೊನ್ನಿಯೊಳಗ ಯಾರೂ ಏನೂ ಸುರುವೂದಿಲ್ಲ. ಬ್ಯಾಡಾದ್ರ ಅದನ್ನ ಎತ್ತಿ ಆ ಜಾಗಾದಾಗ ಬ್ಯಾರೆ ಇಡತಾರ. ಪಟ್ಟಿಗೆ ಹೊಟ್ಟಿ ಅದ. ನೀ ಅದರೊಳಗ ಸುರುವಿದಿ."

ದಾಕ್ಷಾಯಿಣಿ ತಲೆಯಾಡಿಸಿದಳು. ಗೋಡೆಯ ಗಡಿಯಾರದಲ್ಲಿ ಐದಕ್ಕೆ ಏಳು ನಿಮಿಷವಿತ್ತು. ಅವಳು ನಕ್ಷತ್ರವನ್ನು ಅಳಿಸಿದಳು. ಅದರ ಜಾಗದಲ್ಲಿ 'ಫಾರ್' ಸುತ್ತು ಬರೆದಳು. ಎಂಟು ಸಲ ಸುತ್ತು, ಪ್ರತಿ ಸುತ್ತಿಗೂ ಹೊಸದಾಗಿ ಒಂದು ಖಾಲಿ ಪಟ್ಟಿ ಮಾಡು ಎಂದು ಆ ಸಾಲು ಹೇಳುತ್ತಿತ್ತು. ಎಂಟು ಸಲ ಗುದ್ದಲಿ ಎತ್ತುವ ಸಾಲು. ಅವಸರದಲ್ಲಿ ಒಂದು ಕಂಸ ಬಿಟ್ಟುಹೋಯಿತು, ತಿದ್ದಿದಳು. ಓಡಿಸಿದಳು. ಪರದೆಯ ಮೇಲೆ ಎಂಟು ಖಾಲಿ ಪಟ್ಟಿಗಳು ಸಾಲಾಗಿ ಬಂದವು.

ಅಷ್ಟರಲ್ಲಿ ಅವಳ ಫೋನ್ ರಿಂಗಾಯಿತು. ಡಾಕ್ಟರದು.

"ಸರ್, ಎಂಟೂ ಬಂದಾವರಿ, ಎಂಟೂ ಖಾಲಿ ಅದಾವ," ಎಂದು ಅವಳು ಫೋನ್ ಎತ್ತಿಕೊಳ್ಳುತ್ತಾ ಮಾಸ್ತರರಿಗೆ ಹೇಳಿದಳು. ಎರಡು ದಿನಗಳಲ್ಲಿ ಮೊದಲ ಸಲ ಅವಳ ಮುಖ ಅರಳಿತ್ತು. "ಸರಿ ಆಗೇದ, ನಾನೇ ನೋಡೇನಿ, ಇನ್ನ ನಂಬಬಹುದು ಅಂತ ಹೇಳಿಬಿಡ್ತೀನ್ರಿ."

ಮಾಸ್ತರರು ಪರದೆಯ ಕಡೆ ನೋಡಲೂ ಇಲ್ಲ.

"ದೀಪ ಇಳಿಸಿದೇನವ್ವಾ, ಇಲ್ಲ ಬರೇ ಬಾಯಿ ಎಣಿಸಿದಿ?"